ಊರಾಗ ಇರಾಕೊಂದು ಅರ್ಜಿ

“ಅವ್ವಾ, ಕುಬೇರಪ್ಪಜ್ಜ ಊರು ಬಿಟ್ಟು ಹೋದ್ರ ಯಾರು ಅಳ್ತಾರ?”

ಐದು ವರ್ಷದ ರಂಜನಾ ಇದನ್ನು ಅವ್ವನ ಕಿವಿಯಲ್ಲೇನೂ ಕೇಳಲಿಲ್ಲ. ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನ ಎದುರು ಅವ್ವ ನಡೆಸುವ ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ, ಆ ಕುಬೇರಪ್ಪನೇ ಸ್ಟೂಲಿನ ಮೇಲೆ ಕುಳಿತಿರುವಾಗ, ಅವನ ಹೆಂಡತಿ ವೀರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿರುವಾಗ, ಗಟ್ಟಿಯಾಗಿ ಕೇಳಿದಳು. ಮಲ್ಲಿಕಾ ಅವಸರದಿಂದ ಮಗಳ ಬಾಯಿಗೊಂದು ಬಿಸ್ಕೀಟು ಇಟ್ಟಳು. ಹಾಗೆ ನೋಡಿದರೆ ಹುಡುಗಿಯ ತಪ್ಪೇನಿರಲಿಲ್ಲ. ಅರ್ಜಿಯ ಒಂಬತ್ತನೇ ಕಾಲಮ್ಮನ್ನೇ ಅವಳು ತನ್ನ ಮಾತಿನಲ್ಲಿ ಕೇಳಿದ್ದಳು: ‘ಅರ್ಜಿದಾರರು ಊರು ಬಿಟ್ಟರೆ ಊರಿಗೆ ಆಗುವ ನಷ್ಟವೇನು?’ ಅರ್ಧ ತಾಸಿನಿಂದ ಮೂವರೂ ಆ ಕಾಲಮ್ಮಿನಲ್ಲೇ ಸಿಕ್ಕಿಬಿದ್ದಿದ್ದರು.

ವೀರವ್ವ: ಕೂಸಿಗೆ ಗೊತ್ತಾದದ್ದು ಇವರಿಗೆ ಗೊತ್ತಾಗವಲ್ದು. ‘ನಷ್ಟ ಇಲ್ಲ’ ಅಂತ ಬರದು ಮುಂದಕ್ಕ ಹೋಗ ತಂಗೆವ್ವ.

ಕುಬೇರಪ್ಪ: ಏ, ಸುಮ್ಮನಿರ! ತಂಗೆವ್ವ, ನೀ ಬರಕೋ. ನಾ ಇಲ್ಲಂದ್ರ ಹಾನಗಲ್ ಬಸ್ಸಿನ ಡ್ರೈವರ್ ಗತಿ ಏನು? ನನ್ನ ಗಿರ್ಮಿಟ್ ತಿನ್ನೂತನಾ ಅಂವಾ ಗಾಡಿ ಚಾಲೂ ಮಾಡಂಗಿಲ್ಲ.

ಮಲ್ಲಿಕಾ: ಅಂದ್ರ ನೀವು ಹೋದ್ರ ಬಸ್ಸು ಟೈಮಿಗೆ ಬಿಡತೈತಿ.

ಕುಬೇರಪ್ಪ: ಹೌದು!

ಮಲ್ಲಿಕಾ: ಕಾಕಾರ, ಅದು ಊರಿಗೆ ಲಾಭ ಆತಲ್ರಿ.

ಕುಬೇರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

ಸಂಗತಿ ಹೀಗಿತ್ತು. ವೀರವ್ವನ ತಮ್ಮ ಶರಣು ಹುಲಗೂರಿನಲ್ಲಿ ದರ್ಗಾದ ಹತ್ತಿರ ಒಂದು ಜಾಗ ನೋಡಿಟ್ಟು, ‘ಅಕ್ಕಾ, ಗಿರ್ಮಿಟ್ ಗಾಡಿ ತಗೊಂಡು ಬಂದುಬಿಡ್ರಿ, ಜನ ಮುಗಿಬೀಳ್ತಾರ’ ಎಂದು ದಿನಾ ಫೋನು ಮಾಡುತ್ತಿದ್ದ. ಕುಬೇರಪ್ಪನಿಗೆ ಊರು ಬಿಡಲು ಮನಸ್ಸಿಲ್ಲ. ಕೊನೆಗೆ ವೀರವ್ವ ಒಂದು ಕರಾರು ಹಾಕಿದ್ದಳು. ಇಪ್ಪತ್ತೆರಡು ವರ್ಷ ಗಂಡ ಚುರುಮುರಿಗೆ ಗೊಜ್ಜು ಕಲಸಿ ಗಿರ್ಮಿಟ್ ಮಾಡಿ ಊರಿಗೆಲ್ಲ ತಿನ್ನಿಸಿದ್ದಾನಲ್ಲ, ಆ ಊರು ‘ಇರಪಾ’ ಎಂದು ಒಂದು ಕಾಗದ ಕೊಟ್ಟರೆ ಇರುವುದು. ಇಲ್ಲದಿದ್ದರೆ ಬರುವ ಸೋಮವಾರ ಗಾಡಿಯ ಗಾಲಿ ಹುಲಗೂರಿನ ಕಡೆಗೆ. ಅದೇ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿಗೆ ಸೇರಿಸಿ ಯಾವುದೋ ಪ್ರತಿಷ್ಠಾನದವರು ‘ಪ್ರತಿಭಾ ನೆಲೆ’ ಎಂಬ ಯೋಜನೆ ತಂದಿದ್ದರು. ಪ್ರತಿಭೆ ಇದ್ದವರು ಈ ಭಾಗ ಬಿಟ್ಟು ಹೋಗದಂತೆ ಅನುದಾನ, ಮೇಲೊಂದು ಸನ್ಮಾನಪತ್ರ. ಅನುದಾನ ಹಾಳಾಗಿ ಹೋಗಲಿ, ಕುಬೇರಪ್ಪನಿಗೆ ಬೇಕಾಗಿದ್ದದ್ದು ಆ ಪತ್ರ.

ಮಲ್ಲಿಕಾ: ನೀವಽ ಹೇಳ್ರಿ ಕಾಕಾರ, ಹುಲಗೂರು ಯಾಕ ಬ್ಯಾಡ ನಿಮಗ?

ಕುಬೇರಪ್ಪ: ಇಲ್ಲಿ ಯಾರಿಗೆ ಉಳ್ಳಾಗಡ್ಡಿ ಬ್ಯಾಡ, ಯಾರಿಗೆ ಹುಳಿ ಮುಂದ, ಯಾರಿಗೆ ಎರಡು ಮಿರ್ಚಿ, ಅಷ್ಟೂ ನನ್ನ ತಲಿಯಾಗ ಐತಿ. ಖಾದರಸಾಬ ದೂರಿಂದ ಕೆಮ್ಮಿದ್ರ ಸಾಕು, ಪ್ಲೇಟ್ ತಯಾರ. ಅಲ್ಲಿ ಹೋಗಿ ಈ ವಯಸ್ಸಿನ್ಯಾಗ ಮತ್ತ ಅ ಆ ಇ ಈ ಇಂದ ಸುರು ಮಾಡ್ಲೇನು?

ವೀರವ್ವ: ಊರ ಮಂದಿ ನಾಲಿಗಿ ರುಚಿ ಎಲ್ಲಾ ಗೊತ್ತು ಇವರಿಗೆ. ಹೇಂತಿಗೆ ಚಹಾಕ್ಕ ಸಕ್ಕರಿ ಎಷ್ಟು ಕೇಳು ನೋಡೂಣು.

ಕುಬೇರಪ್ಪ: ...ಎರಡು ಚಮಚಾ.

ವೀರವ್ವ: ನಾ ಚಹಾ ಬಿಟ್ಟು ಆರು ವರ್ಷ ಆತು!

ಜಗಳ ಹೊಸ ದಾರಿ ಹಿಡಿಯುವ ಮೊದಲೇ ಮಲ್ಲಿಕಾ ಒಂಬತ್ತನೇ ಕಾಲಮ್ಮಿನಲ್ಲಿ ತನಗೆ ತೋಚಿದ್ದನ್ನು ಬರೆದಳು: ‘ಸಂಜೆ ಓಣಿಯ ಮಕ್ಕಳ ಹಠ ನಿಲ್ಲಿಸುವವರು ಇಲ್ಲದಂತಾಗುತ್ತದೆ.’ ತಾಯಿಯಾಗಿ ಅವಳಿಗೆ ಅದಕ್ಕಿಂತ ದೊಡ್ಡ ನಷ್ಟ ಕಾಣಲಿಲ್ಲ. ‘ಪ್ರತಿಭೆ’ ಎಂಬ ಕಾಲಮ್ಮು ಒಂದೇ ಶಬ್ದ ಹಿಡಿಯುತ್ತಿತ್ತು. ‘ಗಿರ್ಮಿಟ್’ ಎಂದು ಹಾಕಿ ಅರ್ಜಿ ಕಳಿಸಿದಳು.

ಕಾಲು ತಾಸಿನಲ್ಲಿ ಫೋನು ಬಂತು. ಪ್ರತಿಷ್ಠಾನದ ಅಧಿಕಾರಿ. ಮೈಸೂರು ಕಡೆಯ ಮಾತು, ಮೆತ್ತಗಿನ ದನಿ. ಪರಿಶೀಲನೆಗೆ ನಾಲ್ಕು ಪ್ರಶ್ನೆ ಕೇಳಬೇಕೆಂದ. ಮಲ್ಲಿಕಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಅಧಿಕಾರಿ: ಕುಬೇರಪ್ಪನವರೇ, ಗಿರ್ಮಿಟ್ ಕೆಲಸ ಎಷ್ಟು ವರ್ಷದಿಂದ ಮಾಡ್ತಿದ್ದೀರಿ?

ಕುಬೇರಪ್ಪ: ಇಪ್ಪತ್ತೆರಡು ವರ್ಷ ಆತ್ರಿ ಸಾಹೇಬ್ರ.

ಅಧಿಕಾರಿ: ಯಂತ್ರ ಬಳಸ್ತೀರಾ, ಕೈಯಲ್ಲೇ ತಿರುಗಿಸ್ತೀರಾ?

ಕುಬೇರಪ್ಪ: ಯಂತ್ರದಾಗ ಮಾಡಿದ್ದನ್ನ ಯಾರು ಮೂಸಿ ನೋಡ್ತಾರ್ರಿ? ಕೈಯಾಗಽ. ಐದಾರು ಸರ್ತಿ ತಿರುವಿದ್ರ ಮುಗೀತು.

ಅಧಿಕಾರಿ: ಬರೀ ಐದಾರು ಸುತ್ತಿಗೆ! ಹಸಿಯದಕ್ಕೆ ಹಾಕ್ತೀರೋ, ಒಣಗಿದ್ದಕ್ಕೋ?

ಕುಬೇರಪ್ಪ: ಗರಿಗರಿ ಒಣಗಿದ್ದ ಬೇಕ್ರಿ. ಹಸಿ ಆತಂದ್ರ ಮೆತ್ತಗಾಗಿ ಕೆಲಸಕ್ಕ ಬರಂಗಿಲ್ಲ.

ಅಧಿಕಾರಿ: ಆಹಾ, ಇದು ಅನುಭವದ ಮಾತು. ಪುಡಿ ಹೇಗೆ ಬೀಳುತ್ತೆ?

ಕುಬೇರಪ್ಪ: ಪುಟಾಣಿ ಪುಡೀರಿ. ಮ್ಯಾಲೆ ಮ್ಯಾಲೆ ಬೀಳತೈತಿ.

ಅಧಿಕಾರಿ: ಪುಟಾಣಿ ಪುಡಿ! ಅಷ್ಟು ಚಿಕ್ಕ ಚಿಕ್ಕದಾಗಿ! ಎಂಥಾ ನಯವಾದ ಕೈ!

ಮಲ್ಲಿಕಾಳ ತಲೆಯಲ್ಲಿ ಏನೋ ಟಕ್ಕೆಂದಿತು. ಈ ಕಡೆ ಪುಟಾಣಿ ಎಂದರೆ ಹುರಿಗಡಲೆ. ಆ ಮನುಷ್ಯ ಅದನ್ನು ಚಿಕ್ಕದು ಎಂದುಕೊಂಡಿದ್ದಾನೆ. ಹಾಗಾದರೆ ಗಿರ್ಮಿಟ್ಟನ್ನು ಏನೆಂದುಕೊಂಡಿದ್ದಾನೆ? ಅವಳ ತವರಿನ ಪಕ್ಕದಲ್ಲಿ ಬಡಿಗೇರರ ಮನೆಯಿತ್ತು. ಕಟ್ಟಿಗೆಯಲ್ಲಿ ತೂತು ಕೊರೆಯಲು ಅವರು ತಿರುಗಿಸುತ್ತಿದ್ದ ಸಲಕರಣೆಗೂ ಗಿರ್ಮಿಟ್ ಎಂದೇ ಹೆಸರು! ಅವಳು ಫೋನಿಗೆ ಕೈ ಚಾಚಿದಳು. ಕುಬೇರಪ್ಪ ಆ ಕೈಯನ್ನು ನೊಣ ಓಡಿಸಿದಂತೆ ಸರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

ಅಧಿಕಾರಿ: ಯಾವ ಯಾವುದಕ್ಕೆ ಹಾಕ್ತೀರಿ?

ಕುಬೇರಪ್ಪ: ಸ್ಟೀಲ್ ಪ್ಲೇಟಿಗೆ ಹಾಕ್ತೇನ್ರಿ. ಗದ್ದಲ ಇದ್ರ ಪೇಪರಿಗೂ ಹಾಕ್ತೇನಿ.

ಅಧಿಕಾರಿ: ಸ್ಟೀಲಿಗೂ? ಕಾಗದಕ್ಕೂ? ಕಾಗದ ಹರಿಯೋದಿಲ್ಲವೇ?

ಕುಬೇರಪ್ಪ: ಎರಡು ಮಡಿಕಿ ಮಾಡಿದ್ರ ಏನೂ ಆಗಂಗಿಲ್ರಿ.

ಮಲ್ಲಿಕಾ: ಸರ್, ಒಂದು ನಿಮಿಷ, ಅದು ಏನಂದ್ರ...

ಕುಬೇರಪ್ಪ: ನೀ ಸುಮ್ಮನಿರ ತಂಗೆವ್ವ, ಸಾಹೇಬ್ರು ಕಸಬು ತಿಳದವರು ಅದಾರ.

ಅಧಿಕಾರಿ: ಮಕ್ಕಳ ಹಠ ನಿಲ್ಲಿಸ್ತೀರಿ ಅಂತ ಅರ್ಜಿಯಲ್ಲಿದೆ, ಅವರಿಗೂ ಕೊಡ್ತೀರಾ? ಅಪಾಯವಲ್ಲವೇ?

ಕುಬೇರಪ್ಪ: ಅವಕ್ಕ ಬ್ಯಾರೇನ ಮಾಡ್ತೇನ್ರಿ. ಖಾರ ಇಳಿಸಿಬಿಡ್ತೇನಿ.

ಅಧಿಕಾರಿ: ಅಂದರೆ ಮೊನಚು ಇಳಿಸ್ತೀರಿ. ಸುರಕ್ಷತೆಯ ಅರಿವೂ ಇದೆ! ಕುಬೇರಪ್ಪನವರೇ, ಸ್ಟೀಲನ್ನೂ ಕಾಗದವನ್ನೂ ಒಂದೇ ಕೈಯಲ್ಲಿ ಕೊರೆಯೋ ಕುಶಲಕರ್ಮಿಯನ್ನು ನಾನು ಕಂಡೇ ಇಲ್ಲ. ಮಂಜೂರು ಮಾಡಿಬಿಟ್ಟೆ. ಪ್ರಥಮ ದರ್ಜೆ ಪ್ರತಿಭೆ!

ಕುಬೇರಪ್ಪ ಎದ್ದು ನಿಂತು ಫೋನಿಗೆ ಕೈ ಮುಗಿದ. ವೀರವ್ವನ ಮುಖ ನೋಡಿ ಮೀಸೆಯ ಮೇಲೆ ಕೈಯಾಡಿಸಿದ.

ಅಧಿಕಾರಿ: ಪ್ರಥಮ ದರ್ಜೆಯಾದ್ದರಿಂದ ಒಂದು ವಿಶೇಷ. ನಿಮ್ಮ ಹಾನಗಲ್ ತಾಲೂಕಿನ ಪಾಲು ತುಂಬಿದೆ, ಹಿರೇಕೆರೂರಿನಿಂದ ಒಂದೂ ಅರ್ಜಿ ಬಂದಿಲ್ಲ. ಆದ್ದರಿಂದ ನಿಮ್ಮನ್ನು ಅಲ್ಲಿಗೇ ಹಾಕಿದ್ದೇನೆ. ಮನೆ ಕೊಡ್ತೇವೆ, ಮೂರು ವರ್ಷ ಅಲ್ಲೇ ನೆಲೆಸಬೇಕು. ಸೋಮವಾರ ಗಾಡಿ ಕಳಿಸ್ತೇನೆ. ಹಾರ, ಶಾಲು ಎಲ್ಲ ಗಾಡಿಯಲ್ಲೇ ಇರುತ್ತೆ. ನಮಸ್ಕಾರ.

ಫೋನು ಸುಮ್ಮನಾಯಿತು. ಮಲ್ಲಿಕಾ ಗಿರ್ಮಿಟ್ಟಿನ ಗುಟ್ಟನ್ನು ಬಿಡಿಸಿ ಹೇಳಿದಳು. ಕುಬೇರಪ್ಪ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತ.

ಕುಬೇರಪ್ಪ: ಅಂದ್ರ ಅಂವಾ ಹೊಗಳಿದ್ದು ನನ್ನ ಗೊಜ್ಜನ್ನಲ್ಲ?

ಮಲ್ಲಿಕಾ: ತೂತನ್ನ ಹೊಗಳ್ಯಾರ್ರಿ.

ಕುಬೇರಪ್ಪ: ಇದೇನು ತಂಗೆವ್ವ, ಊರಾಗ ಇರಾಕಂತ ಅರ್ಜಿ ಹಾಕಿದ್ರ ಊರು ಬಿಡಿಸಾಕ ಗಾಡಿ ಕಳಿಸ್ತಾರ! ಹೋಗ್ಲಿ, ಈಕಿನಾರ ಖುಷಿ ಆದ್ಲಲ್ಲ, ಊರು ಬಿಟ್ಟಂಗ ಆತು.

ಆದರೆ ವೀರವ್ವ ಖುಷಿಯಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಗಟ್ಟಿ ನಿಂತಿದ್ದಳು.

ವೀರವ್ವ: ಹಿರೇಕೆರೂರು? ಹೊನ್ನವ್ವ ಇರೂ ಹಿರೇಕೆರೂರು?

ಕುಬೇರಪ್ಪ: ಇರೂದು ಅದೊಂದಽ ಹಿರೇಕೆರೂರು.

ಮಲ್ಲಿಕಾ: ಹೊನ್ನವ್ವ ಯಾರ್ರಿ ಚಿಗವ್ವ?

ವೀರವ್ವ: ಇವರ ತಂಗಿ. ನನ್ನ ನಾದಿನಿ. ವರ್ಷಕ್ಕೊಮ್ಮೆ ಬರ್ತಾಳ, ಹೊಸ್ತಿಲಾ ದಾಟೂದ್ರಾಗ ‘ನಮ್ಮಣ್ಣ ಎಷ್ಟು ಸಣ್ಣಾಗ್ಯಾನ’ ಅಂತ ಅಳಾಕ ಸುರು. ಇವರ ಹೊಟ್ಟಿ ನೋಡ ನೀನಽ! ವರ್ಷಕ್ಕೊಂದು ಸಲ ತಡಕೋಬಹುದು. ಮೂರು ವರ್ಷ ದಿನಾ ತಡಕೊಂಡ್ರ ಸಣ್ಣಾಗೂದು ನಾನು! ನಾ ಅಕ್ಕಿಆಲೂರು ಬಿಟ್ಟು ಒಂದು ಹೆಜ್ಜಿ ಇಡಂಗಿಲ್ಲ.

ಕುಬೇರಪ್ಪ: ಮತ್ತ ಹುಲಗೂರು?

ವೀರವ್ವ: ಯಾವ ಹುಲಗೂರು? ಸೋಮವಾರ ಗಾಡಿ ಬರೂದ್ರಾಗ ಇದನ್ನ ರದ್ದು ಮಾಡಸ್ರಿ ಮೊದಲ!

ಕುಬೇರಪ್ಪ ಹುಲಗೂರಿನ ಮಾತನ್ನು ಅಲ್ಲಿಗೇ ಬಿಟ್ಟ. ಬೇಡಿದ್ದು ಹೀಗೆ ಹಿತ್ತಲ ಬಾಗಿಲಿಂದ ಬಂದಾಗ ಮಾತಾಡಬಾರದೆಂಬಷ್ಟು ತಿಳಿವಳಿಕೆ ಅವನಿಗಿತ್ತು. ಮಲ್ಲಿಕಾ ಅಧಿಕಾರಿಗೆ ಮೂರು ಸಲ ಫೋನು ಹಚ್ಚಿದಳು, ಎತ್ತಲಿಲ್ಲ. ಕೊನೆಗೆ ವೆಬ್‌ಸೈಟಿನಲ್ಲಿ ‘ಮಂಜೂರಾತಿ ನಿರಾಕರಣೆ’ ಎಂಬ ಗುಂಡಿ ಸಿಕ್ಕಿತು.

ಮಲ್ಲಿಕಾ: ಬ್ಯಾಡ ಅನ್ನಾಕ ಕಾರಣ ಕೇಳತೈತ್ರಿ. ಎರಡಽ ಕಾರಣ ಕೊಟ್ಟಾರ. ಒಂದು, ಅರ್ಜಿದಾರರ ಮರಣ. ಎರಡು, ಅರ್ಜಿದಾರರಲ್ಲಿ ಪ್ರತಿಭೆ ಇಲ್ಲದಿರುವುದು.

ವೀರವ್ವ: ಎರಡನೇದು ಒತ್ತು. ಮೊದಲನೇದಕ್ಕ ಇನ್ನೂ ವ್ಯಾಳ್ಯಾ ಐತಿ.

ಕುಬೇರಪ್ಪ: ಪುಣ್ಯಾ ಬರ್ಲಿ ನಿನಗ.

ಮಲ್ಲಿಕಾ: ತಡೀರಿ. ‘ಪ್ರತಿಭೆ ಇಲ್ಲವೆಂಬುದನ್ನು ಐವತ್ತು ಶಬ್ದಗಳಲ್ಲಿ ಸಮರ್ಥಿಸಿ.’

ವೀರವ್ವ: ಬರೇ ಐವತ್ತ? ಅತ್ತಾಗ ಸರಿ. ನಾ ಹೇಳ್ತೇನಿ, ನೀ ಬರಿ.

ಅವಳು ಒಳಗೆ ಬಂದು ಮಲ್ಲಿಕಾಳ ಪಕ್ಕದಲ್ಲಿ ಕುಳಿತಳು, ಇಪ್ಪತ್ತೆರಡು ವರ್ಷ ಇದೇ ಗಳಿಗೆಗೆ ಕಾದವಳ ಹಾಗೆ. ಕುಬೇರಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ. ಮಲ್ಲಿಕಾಳ ಬೆರಳುಗಳು ಕೀಲಿಮಣೆಯ ಮೇಲೆ ಸಿದ್ಧವಾದವು.

ವೀರವ್ವ: ಬರಿ. ಇವರ ಗೊಜ್ಜಿನ್ಯಾಗ ಉಪ್ಪು... ಉಪ್ಪು ಬರೊಬ್ಬರಿ ಇರತೈತಿ, ಅದನ್ನ ಬಿಡು. ಉಳ್ಳಾಗಡ್ಡಿ ಹೆಚ್ಚೂದು ಬರಂಗಿಲ್ಲ ಅಂತ ಹಾಕು.

ಮಲ್ಲಿಕಾ: ಖರೇನ ಬರಂಗಿಲ್ಲೇನ್ರಿ?

ವೀರವ್ವ: ಇಲ್ಲ... ಸಣ್ಣಗ ಹೆಚ್ತಾರ. ನನಗಿಂತ ಸಣ್ಣಗ ಹೆಚ್ತಾರ. ಹುಳಿ?

ಮಲ್ಲಿಕಾ: ಹುಳಿ ಏನಾಗೈತ್ರಿ?

ವೀರವ್ವ: ಏನೂ ಆಗಿಲ್ಲ. ಹುಣಸಿಹಣ್ಣು ತೊಳದು, ನೆನಸಿ, ಸೋಸಿ ಹಾಕ್ತಾರ. ಹಂಗ ಮಾಡೂ ಮಂದಿ ಎಲ್ಲಿ ಅದಾರ ಈಗ? ಚುರುಮುರಿನೂ ದಿನಾ ಬಿಸಲಿಗೆ ಹಾಕ್ತಾರ... ಹಾಳಾದ್ದು, ಒಂದೂ ಸಿಗವಲ್ದಲ್ಲ!

ಒಂದು ಶಬ್ದವೂ ಪರದೆಯ ಮೇಲೆ ಬೀಳಲಿಲ್ಲ. ಗೋಡೆಯ ಕಡೆಗೆ ತಿರುಗಿದ್ದ ಮುಖ ನಿಧಾನವಾಗಿ ಇತ್ತ ತಿರುಗಿತು. ಆ ಮುಖಕ್ಕೆ ಯಾವ ಪ್ರತಿಷ್ಠಾನದ ಶಾಲೂ ಇಷ್ಟು ಬೆಳಕು ತರುತ್ತಿರಲಿಲ್ಲ ಎನಿಸಿತು ಮಲ್ಲಿಕಾಳಿಗೆ. ವೀರವ್ವ ಅದನ್ನು ನೋಡಿಯೂ ನೋಡದವಳಂತೆ ಸೆರಗು ಸರಿ ಮಾಡಿಕೊಂಡು, ‘ಗ್ಯಾಸಿನ ಮ್ಯಾಲೆ ಹಾಲಿಟ್ಟು ಬಂದೇನಿ’ ಎಂದು ಎದ್ದು ಹೊರಟೇಬಿಟ್ಟಳು.

ಕುಬೇರಪ್ಪ ಸ್ಟೂಲನ್ನು ಮಲ್ಲಿಕಾಳ ಹತ್ತಿರಕ್ಕೆ ಎಳೆದುಕೊಂಡ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ದನಿ ತಗ್ಗಿಸಿದ.

ಕುಬೇರಪ್ಪ: ತಂಗೆವ್ವ, ನನಗೊಂದು ಉಪಕಾರ ಮಾಡವಾ. ನನ್ನ ಕೈಯಾಗ ಏನೇನೂ ಕಲಾ ಇಲ್ಲಂತ ಆ ಐವತ್ತು ಶಬ್ದ ನೀನಽ ಛಂದಾಗಿ ಬರದುಬಿಡು. ನಾ ಬರದ್ರ ಸುಳ್ಳಂತ ಅವರಿಗೆ ಗೊತ್ತಾಗಿಬಿಡತೈತಿ.