ಗಾಡಿಯ ಮೇಲೆ ಎರಡು ಸೈಕಲ್

ಬೇರೆಯವರು ರಜೆ ಹೇಗೆ ಕಳೆದರು ಎಂದು ಓದುವುದು ಸಂಸಾರಸ್ಥನಿಗೆ ಒಳ್ಳೆಯದಲ್ಲ. ಓದಿದ್ದನ್ನು ಹೆಂಡತಿಗೆ ಹೇಳುವುದಂತೂ ಇನ್ನೂ ಅಪಾಯ. ಆಗ ನಾನು ಮೂಡಬಿದಿರೆಯಲ್ಲಿ ಹೈಸ್ಕೂಲು ಮಾಷ್ಟ್ರನಾಗಿದ್ದೆ. ಪಾನನಿರೋಧ ಎದ್ದುಹೋದ ವರ್ಷವೋ ಅದರ ಮರುವರ್ಷವೋ ಇರಬೇಕು. ದಿನಚರಿ ತೆಗೆದು ನೋಡಬಹುದಿತ್ತು. ಆದರೆ ಆ ಪ್ರವಾಸದ ಪುಟಗಳನ್ನು ನಾನು ಯಾವ ಸ್ಥಿತಿಯಲ್ಲಿ ಬರೆದೆ ಎಂಬುದು ನನಗೆ ಗೊತ್ತಿರುವುದರಿಂದ, ಅದನ್ನು ನಂಬುವುದಕ್ಕಿಂತ ಹೆಂಡತಿಯನ್ನು ನಂಬುವುದೇ ಕ್ಷೇಮ.

ಶಾಲೆಯ ಲೈಬ್ರರಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಫ್ರಾನ್ಸಿನ ಗಂಡಹೆಂಡಿರ ಚಿತ್ರವಿತ್ತು. ಅವರದು ಮನೆಯಂಥ ಮೋಟಾರು ಗಾಡಿ. ಒಳಗೇ ಹಾಸಿಗೆ, ಒಲೆ. ಮೇಲೆ ಎರಡು ಸೈಕಲ್. ಚಂದದ ದಾರಿ ಸಿಕ್ಕಿದಲ್ಲಿ ಸೈಕಲ್ ಇಳಿಸಿ ಹೊರಡುವುದು, ದ್ರಾಕ್ಷಿ ತೋಟ ಸಿಕ್ಕಿದಲ್ಲಿ ನಿಂತು ಅಲ್ಲಿಯದೇ ಮದ್ಯದ ರುಚಿ ನೋಡುವುದು. ಇದನ್ನು ಹೇಳುತ್ತಿದ್ದಂತೆ ನನ್ನ ಹೆಂಡತಿ ಸರೋಜ ಮಸಾಲೆ ಅರೆಯುವುದನ್ನು ನಿಲ್ಲಿಸಿದಳು.

"ಅದರಲ್ಲಿ ಹೆಂಗಸೂ ಸೈಕಲ್ ಬಿಡ್ತಾಳಾ?"

"ಬಿಡ್ತಾಳೆ."

"ರಸ್ತೆಯಲ್ಲಿ?"

"ರಸ್ತೆಯಲ್ಲೇ."

"ಹಾಗಾದರೆ ನಾವೂ ಹೋಗುವ."

ಅವಳ ಈ ಹಠಕ್ಕೆ ಒಂದು ಹಿನ್ನೆಲೆ ಉಂಟು. ಬಂಟ್ವಾಳದ ತವರುಮನೆಯ ಅಂಗಳದಲ್ಲಿ ಅಣ್ಣನ ಸೈಕಲ್ಲಿನಲ್ಲಿ ಅವಳು ಸವಾರಿ ಕಲಿತಿದ್ದಳು. ಹುಡುಗಿ ಗೇಟು ದಾಟಬಾರದು ಎಂಬುದು ಮಾವನವರ ಕಟ್ಟಪ್ಪಣೆ. ಆದ್ದರಿಂದ ಅವಳ ಸವಾರಿಯೆಲ್ಲ ತುಳಸಿಕಟ್ಟೆಗೆ ಪ್ರದಕ್ಷಿಣೆ, ಯಾವಾಗಲೂ ಬಲಕ್ಕೆ. "ನನಗೆ ಒಂದು ಸಲವಾದರೂ ನೇರ ಹೋಗಬೇಕು" ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದಳು. ಮೂಡಬಿದಿರೆಯಲ್ಲಿ ಅದು ಸಾಧ್ಯವಿರಲಿಲ್ಲ. ಮಾಷ್ಟ್ರ ಹೆಂಡತಿ ಸೈಕಲ್ ಹತ್ತಿದರೆ ಆಡಳಿತ ಮಂಡಳಿಯವರು ಮಾಷ್ಟ್ರನ್ನು ಕೆಳಗಿಳಿಸಿಯಾರು ಎಂಬ ಭಯ ನನಗೆ. ನಮ್ಮನ್ನು ಯಾರೂ ಅರಿಯದ ಕಡೆ ಹೋದರಾಯಿತು ಎಂದು ನಿರ್ಧರಿಸಿದೆವು. ಅಂಥ ಸ್ಥಳ ಜಿಲ್ಲೆಯಲ್ಲಿ ಎಲ್ಲೂ ಇಲ್ಲ ಎಂಬುದು ಬಿ.ಎ. ಓದಿದ ನನಗೆ ಹೊಳೆಯಬೇಕಿತ್ತು.

ಗಾಡಿ ಕೊಟ್ಟವನು ಮಾಣಿ ಎಂಬ ಊರಿನ ನನ್ನ ಗೆಳೆಯ ಹಮ್ಮಬ್ಬ. ಅದು ಒಣಮೀನು ಸಾಗಿಸುತ್ತಿದ್ದ ವ್ಯಾನು. ನಾನು ಸೀಗೆಪುಡಿ ಹಾಕಿ ತೊಳೆದೆ. ಸರೋಜ ಸಾಂಬ್ರಾಣಿ ಹಾಕಿದಳು. ಆಮೇಲೆ ಅದು ಮಿಂದು ಬಂದ ಒಣಮೀನಿನ ಹಾಗೆ ನಾರತೊಡಗಿತು. ಒಳಗೆ ಹಲಗೆಯ ಮಂಚ, ಸೀಮೆಎಣ್ಣೆ ಸ್ಟವ್. ಮೇಲೆ ನನ್ನ ಸೈಕಲ್ ಮತ್ತು ಬಂಟ್ವಾಳದಿಂದ ಬಾಡಿಗೆಗೆ ತಂದ ಒಂದು ಲೇಡೀಸ್ ಸೈಕಲ್.

"ಮಾಷ್ಟ್ರೇ, ಮನೆ ಇದ್ದವರು ಗಾಡಿಯಲ್ಲಿ ಮಲಗುವುದು ಯಾಕೆ ಮಾರಾಯ್ರೆ?" ಎಂದ ಹಮ್ಮಬ್ಬ. "ಪೋಲೀಸಿನವರು ಕೇಳಿದರೆ ನನ್ನ ಹೆಸರು ಹೇಳಬೇಡಿ."

ಮೊದಲ ಸಂಜೆ ವೇಣೂರು ದಾಟಿ ಒಂದು ಮಾವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಸ್ಟವ್ ಹೊತ್ತಿಸುವ ಮೊದಲೇ ಎದುರಿನ ಮನೆಯ ಯಜಮಾನ ಸಂಕಪ್ಪಣ್ಣ ಹಾಜರು.

"ಗಾಡಿ ಹಾಳಾಯಿತಾ?"

"ಇಲ್ಲ. ಇಲ್ಲೇ ಮಲಗುತ್ತೇವೆ."

"ನನ್ನ ಮನೆ ಎದುರು ರಸ್ತೆಯಲ್ಲಾ? ನಾಳೆ ಊರವರು ನನ್ನ ಮುಖಕ್ಕೆ ಉಗಿಯಲಿಕ್ಕಾ? ನಡೀರಿ ಒಳಗೆ. ನಿಮ್ಮದು ಯಾವ ಮನೆ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಸಿಗದೆ ಯಾರನ್ನೂ ಬಿಡುವುದಿಲ್ಲ. ಬೆಲ್ಲ ನೀರು ಬಂತು. ಬೆಲ್ಲ ಕರಗುವಷ್ಟರಲ್ಲಿ ಸಂಕಪ್ಪಣ್ಣ ಸರೋಜಳ ಚಿಕ್ಕಮ್ಮನ ಭಾವನ ಸೋದರಳಿಯನೆಂದು ಇತ್ಯರ್ಥವಾಯಿತು. ಊಟ, ಹಾಸಿಗೆ ಎಲ್ಲ ಒಳಗೇ. ಬೆಳಿಗ್ಗೆ ಹೊರಡುವಾಗ ಅವನು ಗಾಡಿಯ ಮೇಲೆ ಕಣ್ಣು ಹಾಯಿಸಿದ.

"ಎರಡು ಸೈಕಲ್ ಯಾಕೆ?"

"ಒಂದು ಸ್ಟೆಪ್ನಿ" ಎಂದೆ.

"ಅದಕ್ಕೆ ನಡುವೆ ಅಡ್ಡ ಸರಳು ಇಲ್ಲವಲ್ಲ?"

"ಕಳಚಿಟ್ಟಿದ್ದೇವೆ. ಭಾರ ಆಗ್ತದೆ."

ಬೆಳ್ತಂಗಡಿ ತಲುಪುವಾಗ ಸರೋಜ ನನ್ನ ಕಡೆಗೆ ತಿರುಗಿದಳು. "ಇನ್ನು ಯಾರಾದರೂ ಕೇಳಿದರೆ ನಾನೇ ಹೇಳ್ತೇನೆ. ನೀವು ಬಾಯಿ ಬಿಡಬೇಡಿ."

ಹಾಗೆಯೇ ಆಗಲಿ ಎಂದೆ. ಹಾಗೆ ಹೇಳಿದೆನೆಂದು ನನ್ನ ನೆನಪು; ನಾನು ಬರೇ ಗೇರು ಬದಲಾಯಿಸಿದೆನೆಂದು ಅವಳ ನೆನಪು.

ಇನ್ನೊಂದು ರಾತ್ರಿ ಧರ್ಮಸ್ಥಳದಲ್ಲಿ ಕಳೆಯಿತು. ಅಲ್ಲೂ ಗಾಡಿಯಲ್ಲಿ ಮಲಗಲು ಬಿಡಲಿಲ್ಲ. ಅವಳ ಶಾಲೆಯ ಗೆಳತಿಯೊಬ್ಬಳು ಸಿಕ್ಕಿ ಎಳೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಕಕ್ಕಿಂಜೆಯ ಹತ್ತಿರ, ಘಟ್ಟ ಕಣ್ಣೆದುರೇ ನಿಂತಿರುವ ಕಡೆ, ಬೈನೆ ಮರದಿಂದ ಕಳ್ಳಿನ ಮಡಕೆಯೊಂದಿಗೆ ಇಳಿಯುತ್ತಿದ್ದ ಬಾಬು ಎಂಬವನು ಕಣ್ಣಿಗೆ ಬಿದ್ದ. ಗಾಡಿ ತಾನಾಗಿಯೇ ನಿಂತಿತು. ಪತ್ರಿಕೆಯಲ್ಲಿದ್ದುದರ ಅರ್ಧದಷ್ಟನ್ನಾದರೂ ನೆರವೇರಿಸಲೇಬೇಕು ಎಂಬುದು ನನ್ನ ನಿರ್ಧಾರ. ದ್ರಾಕ್ಷಿಯವರಿಗೆ ತೋಟ, ಗಾಣ, ಪೀಪಾಯಿ ಎಲ್ಲ ಬೇಕು. ನಮ್ಮದು ಮರದಿಂದ ತಯಾರಾಗಿಯೇ ಇಳಿಯುತ್ತದೆ. ಚಿತ್ರದಲ್ಲಿದ್ದವನಂತೆ ಲೋಟವನ್ನು ಬೆಳಕಿಗೆ ಹಿಡಿದೆ, ಅಲ್ಲಾಡಿಸಿದೆ, ಮೂಗಿನ ಹತ್ತಿರ ತಂದೆ.

"ಮೂಸಲಿಕ್ಕೆ ಅದೇನು ಮಲ್ಲಿಗೆಯಾ ಮಾರಾಯ್ರೆ? ಕುಡೀರಿ" ಎಂದ ಬಾಬು.

ಮೊದಲ ಲೋಟ ರುಚಿ ತಿಳಿಯಲು. ಎರಡನೆಯದು, ತಿಳಿದದ್ದು ಸರಿಯೇ ಎಂದು ನೋಡಲು. ಮೂರನೆಯದಕ್ಕೆ ಕಾರಣ ಹುಡುಕುತ್ತಿದ್ದಾಗ ಹಿಂದೆ ಧಡ್ ಎಂದು ಸದ್ದಾಯಿತು. ಸರೋಜ ಗಾಡಿಯ ಮೇಲೆ ಹತ್ತಿ ತನ್ನ ಸೈಕಲ್ಲನ್ನು ತಾನೇ ಇಳಿಸಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟಳು.

ಸೈಕಲ್ ಅಭ್ಯಾಸಬಲದಿಂದ ಬಲಕ್ಕೇ ಎಳೆಯಿತು. ಗದ್ದೆಯ ಅಂಚಿನವರೆಗೆ ಹೋಯಿತು. ಅವಳು ಹಲ್ಲು ಕಚ್ಚಿ ಹ್ಯಾಂಡಲ್ ತಿರುಗಿಸಿದಳು. ಮತ್ತೆ ಬಲಕ್ಕೆ, ಮತ್ತೆ ನಡುವಿಗೆ. ಆಮೇಲೆ ನೇರ. ರಸ್ತೆ ಎಷ್ಟು ನೇರವಿತ್ತೋ ಅವಳೂ ಅಷ್ಟೇ ನೇರ. ನಾನು ನನ್ನ ಸೈಕಲ್ ಇಳಿಸಿ ಹಿಂದೆ ಹೊರಟೆ. ರುಚಿ ನೋಡಿದ್ದ ಕಾರಣ ನನಗೆ ಆ ದಿನ ರಸ್ತೆಯೇ ಒಪ್ಪಂದಕ್ಕೆ ಬರಲಿಲ್ಲ. ಎರಡು ಸಲ ಬಿದ್ದ ಮೇಲೆ ತಳ್ಳಿಕೊಂಡು ನಡೆದೆ.

ಕಕ್ಕಿಂಜೆಯ ಅಂಗಡಿಗಳಿಂದ ಜನ ಹೊರಗೆ ಬಂದರು. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೂ ಬಂದ. ಗೇಟಿನಲ್ಲಿ ನಿಂತ ಮುದುಕಿಯೊಬ್ಬರು ಕೂಗಿ ಕೇಳಿದರು, "ಯಾವ ಮನೆ ಮಗಾ?"

ನನ್ನ ಸೈಕಲ್ ನಿಂತಿತು. ಸರೋಜಳ ಸೈಕಲ್ ನಿಲ್ಲಲಿಲ್ಲ.

"ಬಂಟ್ವಾಳ ಪಡುಬೈಲು ಮನೆ! ಮೂಡಬಿದಿರೆಯ ಹಿಸ್ಟರಿ ಮಾಷ್ಟ್ರ ಹೆಂಡತಿ!" ಎಂದು ಕಕ್ಕಿಂಜೆಯ ಪೇಟೆಗೇ ಕೇಳುವಂತೆ ಹೇಳಿ ಮುಂದೆ ಹೋದಳು. ವಿಳಾಸದಲ್ಲಿ ಪಿನ್ನು ಚುಚ್ಚುವಷ್ಟೂ ಸಂದೇಹ ಉಳಿಸಲಿಲ್ಲ. ಚಾರ್ಮಾಡಿಯ ಕಡೆಯ ಸೇತುವೆಯ ಮೇಲೆ ನಾನು ಅವಳನ್ನು ಸೇರಿದಾಗ ಅವಳ ಮುಖ ಕೆಂಪಾಗಿತ್ತು, ಇಳಿಯುವಾಗ ಮಂಡಿ ತರಚಿತ್ತು. "ನೇರ ಬಂದೆ, ನೋಡಿದಿರಾ?" ಎಂದಳು. ನೋಡಿದ್ದೆ. ನನ್ನ ಕೆಲಸ ಹೋದಂತೆಯೇ ಎಂಬ ಯೋಚನೆ ಆಗ ಬರಲಿಲ್ಲ. ಮೂಡಬಿದಿರೆ ತಲುಪುವಾಗ ಬಂತು.

ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಶಾಲೆ ತೆರೆದ ದಿನವೇ ಹೆಡ್‌ಮಾಷ್ಟ್ರು ಕರೆದರು. ಕನ್ನಡಕ ಒರೆಸುತ್ತ, "ಕಕ್ಕಿಂಜೆಯಲ್ಲಿ ಸೈಕಲ್ ಬಿಟ್ಟವರು ನಿಮ್ಮ ಮನೆಯವರಂತೆ, ಹೌದಾ?" ಎಂದರು.

ಗಾಡಿಯ ಮೇಲಿನ ಸೈಕಲ್ಲಿನ ವಿಷಯದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದ ನಾನು ನೆಟ್ಟಗೆ ನಿಂತೆ. "ಹೌದು ಸಾರ್. ನನ್ನ ಹೆಂಡತಿಯೇ. ಇನ್ನು ಇಲ್ಲಿಯೂ ಬಿಡ್ತಾಳೆ."

ಅವರು ಕನ್ನಡಕ ಹಾಕಿಕೊಂಡರು. "ಒಳ್ಳೆಯದಾಯಿತು. ನನ್ನ ಮಗಳೂ ಹಠ ಹಿಡಿದಿದ್ದಾಳೆ. ಕಲಿಸಲಿಕ್ಕೆ ಆಗ್ತದಾ ಎಂದು ಕೇಳಿ ನೋಡಿ." ನಾನು ಉಸಿರುಬಿಟ್ಟು ಹೊರಡುವಷ್ಟರಲ್ಲಿ ಅವರು ಮತ್ತೆ ಕರೆದರು. "ಅಲ್ಲ ಮಾರಾಯ್ರೆ, ಅವರ ಹಿಂದೆ ಒಬ್ಬ ತೂರಾಡುತ್ತ ಸೈಕಲ್ ತಳ್ಳಿಕೊಂಡು ಬರ್ತಿದ್ದನಂತೆ. ಅದು ಯಾರು?"

ನಾನು ಪ್ರಾಮಾಣಿಕವಾಗಿಯೇ ಯೋಚಿಸಿದೆ. ನನ್ನ ನೆನಪನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ.

"ಗೊತ್ತಿಲ್ಲ ಸಾರ್" ಎಂದೆ. "ಆ ಊರಿನವನೇ ಯಾರೋ ಇರಬೇಕು."