ಬಹುಮತ ಬಿದ್ದದ್ದು ನಮ್ಮ ಅಡುಗೆಮನೆಗೆ!

"ಇನ್ನು ಮೇಲೆ ಈ ಊರಿನ ಆಡಳಿತ ಜನರ ಬೆರಳ ತುದಿಯಲ್ಲಿ!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಹಪ್ಪಳ ಕರಿಯುತ್ತಿದ್ದಳು.

"ಬೆರಳು ತೊಳ್ಕೊಂಡು ಊಟಕ್ಕೆ ಬನ್ನಿ" ಎಂದಳು, ಅಷ್ಟೇ.

ನಾನು ನಗರಸಭೆಯ ವೆಬ್‌ಸೈಟ್ ನೋಡಿಕೊಳ್ಳುವವನು. ನೋಡಿಕೊಳ್ಳುವುದೆಂದರೆ ನಾನೊಬ್ಬನೇ ನೋಡುತ್ತಿದ್ದೆ, ಬೇರೆ ಯಾರೂ ನೋಡುತ್ತಿರಲಿಲ್ಲ! ಅದಕ್ಕೇ ಕಮಿಷನರ್ ಸಾಹೇಬರು ಜನಾಭಿಪ್ರಾಯದ ಪುಟವೊಂದನ್ನು ಮಾಡಿ ಎಂದಾಗ ನನ್ನ ಮೈಯಲ್ಲಿ ಮಿಂಚು ಹರಿಯಿತು. ಮೊದಲ ಪ್ರಶ್ನೆ: ನಮ್ಮ ವಾರ್ಡಿನ ಸಾರ್ವಜನಿಕ ಶೌಚಾಲಯ ಎಲ್ಲಿರಬೇಕು? ಬೇರೆಯವರಾಗಿದ್ದರೆ ನಾಲ್ಕು ಜಾಗಗಳ ಹೆಸರು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಹಾಗಲ್ಲ. ವಾರ್ಡಿನ ನಕ್ಷೆಯನ್ನೇ ತೆರೆಯ ಮೇಲೆ ಹರಡಿದೆ. ಜನ ಅದರಲ್ಲಿ ತಮಗೆ ಬೇಕಾದ ಜಾಗವನ್ನು ಮುಟ್ಟಿದರೆ ಸಾಕು, ಮತ ಬಿತ್ತು!

ಇದಕ್ಕಾಗಿ ಚಿತ್ರದ ಮೇಲೆ ಕಣ್ಣಿಗೆ ಕಾಣದ ಬೇಲಿ ಹಾಕಬೇಕು. ಈ ಬೇಲಿಯೊಳಗೆ ಮುಟ್ಟಿದರೆ ಇಂಥ ನಿವೇಶನ, ಆ ಬೇಲಿಯೊಳಗೆ ಮುಟ್ಟಿದರೆ ಅಂಥ ನಿವೇಶನ. ಯಾವ ಪ್ರಜೆಯ ಯಾವ ಹಕ್ಕಿಗೂ ಕುಂದು ಬರಬಾರದೆಂದು ಖಾಲಿ ಜಾಗಗಳಿಗಷ್ಟೇ ಅಲ್ಲ, ವಾರ್ಡಿನ ಪ್ರತಿಯೊಂದು ನಿವೇಶನಕ್ಕೂ ಬೇಲಿ ಹಾಕಿದೆ. ನಮ್ಮ ಮನೆಗಂತೂ ಅಭಿಮಾನದಿಂದ ತುಸು ಧಾರಾಳವಾಗಿಯೇ ಹಾಕಿದೆ. ಕಾಗದದ ಮೇಲಿಲ್ಲದ ಜಮೀನು ಕಂಪ್ಯೂಟರಿನಲ್ಲಾದರೂ ಇರಲಿ!

ಸಾಹೇಬರು ನೋಡಿ ತಲೆದೂಗಿದರು. "ಭೇಷ್! ಆದ್ರೆ ನಕ್ಷೆ ತುಂಬ ದೊಡ್ಡದಾಯ್ತು ಕಣ್ರೀ. ನನ್ನ ಫೋಟೋನೇ ಕೆಳಗೆ ಹೋಗ್ಬಿಟ್ಟಿದೆ. ಸ್ವಲ್ಪ ಚಿಕ್ಕದು ಮಾಡಿ."

ಮಾಡಿದೆ. ನಕ್ಷೆಯನ್ನು ಅರ್ಧಕ್ಕೆ ಇಳಿಸಿದೆ. ಸಾಹೇಬರ ಫೋಟೋ ಮೇಲೇರಿ ಹಸನ್ಮುಖವಾಗಿ ಕೂತಿತು. ಪುಟ ಜನರಿಗೆ ತೆರೆದುಕೊಂಡಿತು.

ಜನ ಮುಗಿಬಿದ್ದರು! ಬಸ್ ನಿಲ್ದಾಣದ ಹಿಂದಿನ ಬಯಲೇ ಗೆಲ್ಲುತ್ತದೆಂದು ಕಚೇರಿಯ ಜವಾನನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಕಂಪ್ಯೂಟರ್ ಒಂದು ನಿವೇಶನ ಸಂಖ್ಯೆಯನ್ನು ಉಗುಳಿತು. ಭರ್ಜರಿ ಬಹುಮತ! ನಾನು ಆ ಸಂಖ್ಯೆಯನ್ನು ಸಾಹೇಬರ ಮುಂದಿಟ್ಟೆ, ಸಾಹೇಬರು ಅದಕ್ಕೆ ಸಹಿ ಹಾಕಿದರು. ಅದು ಯಾವ ಜಾಗದ ಸಂಖ್ಯೆಯೆಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಗೊತ್ತಿದ್ದದ್ದನ್ನು ಯಾರು ನೋಡುತ್ತಾರೆ?

ಭಾನುವಾರ ಬೆಳಿಗ್ಗೆ ಹೆಂಡತಿಯ ಕಿರುಚಾಟಕ್ಕೆ ಮಂಚದಿಂದ ಬಿದ್ದೆ.

"ರೀ! ಯಾರೋ ನಮ್ಮ ಅಂಗಳದಲ್ಲಿ ಸುಣ್ಣದ ಗೆರೆ ಎಳೀತಿದ್ದಾರೆ!"

ಲುಂಗಿ ಬಿಗಿದುಕೊಂಡು ಓಡಿದೆ. ನಮ್ಮ ನಗರಸಭೆಯ ಸರ್ವೇಯರ್! ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಸುಣ್ಣದ ಡಬ್ಬ. ನನ್ನನ್ನು ಕಂಡು ಅವನ ಮುಖ ಅರಳಿತು.

"ಅರೆ ಸಾರ್, ಇದು ನಿಮ್ಮ ಮನೇನಾ? ಅಭಿನಂದನೆ ಸಾರ್! ಜನ ನಿಮ್ಮನ್ನೇ ಆರಿಸಿದ್ದಾರೆ!"

"ಯಾವುದಕ್ಕಯ್ಯಾ?"

"ಶೌಚಾಲಯಕ್ಕೆ!"

ನನ್ನ ಬಾಯಿ ತೆರೆದೇ ಇತ್ತು; ನೊಣವೊಂದು ಒಳಗೆ ಹೋಗಿ ನೋಡಿ ಹೊರಗೆ ಬಂತು.

ಸರ್ವೇಯರ್ ಮಾತ್ರ ಉತ್ಸಾಹದಿಂದ ಕೈ ಬೀಸುತ್ತಿದ್ದ. "ಈ ವರಾಂಡ ಗಂಡಸರಿಗೆ. ಆ ಮೂಲೆ ಹೆಂಗಸರಿಗೆ."

"ಆ ಮೂಲೆ ನನ್ನ ಅಡುಗೆಮನೆ ಕಣಪ್ಪಾ!" ಎಂದಳು ಹೆಂಡತಿ. ಕೈಯಲ್ಲಿದ್ದ ಸೌಟನ್ನು ಅವನ ಮೂಗಿನ ನೇರಕ್ಕೆ ಹಿಡಿದಳು.

"ಹೌದಾ? ಒಳ್ಳೇದಾಯ್ತು ಮೇಡಂ, ನೀರಿನ ಪೈಪ್ ಆಗ್ಲೇ ಇದೆ!"

"ಮನುಷ್ಯರು ವಾಸ ಮಾಡ್ತಿರೋ ಮನೇನ ಹೇಗ್ರೀ ಅಳೀತೀರ?"

"ಸಂಖ್ಯೆ ಕೊಟ್ಟಿದ್ದಾರೆ ಮೇಡಂ, ಅಳೆದು ವರದಿ ಕೊಡೋದು ನನ್ನ ಕೆಲಸ. ಒಳಗೆ ಮನೆ ಇದ್ಯೋ ಮರ ಇದ್ಯೋ, ಅದು ಮೇಲಿನವರಿಗೆ ಬಿಟ್ಟದ್ದು. ನಿಮ್ಮ ಯಜಮಾನ್ರೇ ಕಳಿಸಿದ ಸಂಖ್ಯೆ ಇದು!"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳ ನಾನಾ ನೋಟಗಳನ್ನು ಕಂಡಿದ್ದೇನೆ. ಇದು ಹೊಸದು!

ಅಷ್ಟರಲ್ಲಿ ಗೇಟಿನ ಬಳಿ ಜನ ಸೇರಿದ್ದರು. ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರನ್ನು ಕಂಡು ನಾನು ಸಿಡಿದೆ. "ಏನ್ ಮೇಷ್ಟ್ರೇ, ನಿಮಗೆಲ್ಲ ನಾನೇನು ಅನ್ಯಾಯ ಮಾಡಿದ್ದೆ? ಒಗ್ಗಟ್ಟಾಗಿ ನನ್ನ ಮನೇಗೇ ಒತ್ತಿದ್ದೀರಲ್ಲ!"

ಮೇಷ್ಟ್ರು ಗಾಬರಿಯಾದರು. "ಅಯ್ಯೋ, ನಿಮ್ಮ ಎದುರಿಗೇ ಇರೋನು ನಾನು! ನನ್ನ ಕಿಟಕಿಗೆ ವಾಸನೆ ಬರಲಿ ಅಂತ ಒತ್ತುತ್ತೀನೇನ್ರೀ? ನಾನು ಒತ್ತಿದ್ದು ಬಸ್ ನಿಲ್ದಾಣದ ಬಯಲು!"

"ನಾನೂ ಅದೇ!" ಎಂದ ಇಸ್ತ್ರಿಯವನು. "ನಾನೂ!" ಎಂದಳು ಮೂಲೆಮನೆಯ ನರ್ಸಮ್ಮ.

ಒಳಗೆ ಓಡಿ ಲ್ಯಾಪ್‌ಟಾಪ್ ತೆರೆದೆ. ಬಯಲನ್ನು ಮುಟ್ಟಿದೆ, ನಮ್ಮ ಮನೆಗೆ ಒಂದು ಮತ ಏರಿತು! ಮತ್ತೆ ಮುಟ್ಟಿದೆ, ಮತ್ತೊಂದು! ನನ್ನ ಮನೆಗೆ ನಾನೇ ಎರಡು ಮತ ಹಾಕಿದ್ದೆ!

ಆಗ ಹೊಳೆಯಿತು. ನಾನು ಕುಗ್ಗಿಸಿದ್ದು ಚಿತ್ರವನ್ನು ಮಾತ್ರ. ಕಾಣದ ಬೇಲಿಗಳು ಹಳೆಯ ಅಳತೆಯಲ್ಲೇ ಉಳಿದಿದ್ದವು. ಒಗೆದ ಅಂಗಿ ಕುಗ್ಗಿತ್ತು, ಹೊಟ್ಟೆ ಕುಗ್ಗಿರಲಿಲ್ಲ! ಕುಗ್ಗಿದ ನಕ್ಷೆಯ ಬಯಲು ಸರಿದು ಬಂದು ನಮ್ಮ ಮನೆಯ ಬೇಲಿಯೊಳಗೆ ಕೂತಿತ್ತು. ಅದೂ ನಾನು ಧಾರಾಳವಾಗಿ ಹಾಕಿದ್ದ ಬೇಲಿ! ಕ್ಲಿಕ್ಕು ಕಿರಿಕ್ಕಾಗಿತ್ತು, ನಕ್ಷೆ ಶಿಕ್ಷೆಯಾಗಿತ್ತು.

ಸಾಹೇಬರ ಮನೆಗೆ ಧಾವಿಸಿ, ತೊದಲುತ್ತಾ ಎಲ್ಲವನ್ನೂ ಒಪ್ಪಿಸಿದೆ. ಅವರು ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು.

"ಪತ್ರಿಕೆಯವರಿಗೆ ಹೇಳಿಬಿಟ್ಟಿದ್ದೀನಲ್ರೀ, ಇದು ಜನರ ತೀರ್ಪು ಅಂತ!"

"ನೀವೇ ಚಿಕ್ಕದು ಮಾಡಿ ಅಂದ್ರಿ ಸಾರ್..."

"ಚಿತ್ರ ಚಿಕ್ಕದು ಮಾಡಿ ಅಂದೆ. ಬುದ್ಧಿ ಚಿಕ್ಕದು ಮಾಡಿ ಅಂದ್ನಾ?"

ಆ ದಿನವೆಲ್ಲ ಕೂತು ಪ್ರತಿ ಬೇಲಿಯನ್ನೂ ಕಿತ್ತು ಹೊಸ ಅಳತೆಗೆ ನೆಟ್ಟೆ. ಹೆಂಡತಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕಾವಲು ಕೂತಳು. "ನಮ್ಮನೆ ಗೆರೆ ಇನ್ನೂ ಒಳಗೆ ತನ್ನಿ. ಇನ್ನೂ. ಆ ಕಾಂಪೌಂಡು ನಮ್ಮದಲ್ಲ, ಬಿಡಿ!" ಮೇಷ್ಟ್ರು ಬಂದು ಒಂದೊಂದು ಜಾಗವನ್ನೂ ಮುಟ್ಟಿ ಪರೀಕ್ಷಿಸಿದರು. ಮರುದಿನ ಹೊಸದಾಗಿ ಮತದಾನ ನಡೆಯಿತು.

ಫಲಿತಾಂಶ ಬಂದಾಗ ಸಂಖ್ಯೆಯನ್ನು ಮೂರು ಸಲ ನೋಡಿದೆ. ಬಯಲು! ಬಸ್ ನಿಲ್ದಾಣದ ಹಿಂದಿನ ಸಾಕ್ಷಾತ್ ಬಯಲು! ಸಾಹೇಬರು ಕ್ಷಮಿಸಿದರು, ಸರ್ವೇಯರ್ ಸುಣ್ಣದ ಡಬ್ಬ ಎತ್ತಿಕೊಂಡು ಬಯಲಿಗೆ ಹೋದ. ನಾನು ಎದೆಯುಬ್ಬಿಸಿ ಮನೆಗೆ ಬಂದೆ. ಆದರೆ ಒಂದು ವಿಷಯ ಕೊರೆಯುತ್ತಿತ್ತು. ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಎಲ್ಲ ಸರಿಯಾಯ್ತು. ಆದ್ರೂ ನಮ್ಮ ಮನೆಗೆ ಒಂದು ಮತ ಬಿದ್ದಿದೆ! ಈ ಸಲ ತಪ್ಪಿ ಬಿದ್ದದ್ದಲ್ಲ, ಬೇಕಂತಲೇ ಒತ್ತಿದ್ದು! ಯಾರು ಆ ದ್ರೋಹಿ?"

ಹೆಂಡತಿ ಶಾಂತವಾಗಿ ಅನ್ನ ಬಡಿಸಿದಳು. "ನಾನೇ."

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. "ನೀನಾ? ಸೌಟು ಹಿಡಿದು ಹೋರಾಡಿದವಳು ನೀನೇ ಅಲ್ವೇನೇ?"

"ಅಡುಗೆಮನೆ ಉಳಿಸ್ಕೊಳ್ಳೋಕೆ ಹೋರಾಡಿದೆ. ಆಮೇಲೆ ಕೂತು ಯೋಚಿಸಿದೆ. ನೀವು ಬೆಳಿಗ್ಗೆ ಪೇಪರ್ ಹಿಡ್ಕೊಂಡು ಟಾಯ್ಲೆಟ್ಟಿಗೆ ಹೋದ್ರೆ ಸಂಪಾದಕೀಯ ಮುಗಿಯೋವರೆಗೂ ಬಾಗಿಲು ತೆಗೆಯಲ್ಲ. ಅಂಗಳದಲ್ಲಿ ಒಂದು ಇದ್ದಿದ್ರೆ ನಾವೂ ಬದುಕ್ಕೊಳ್ತಿದ್ವಿ!"

ನಾನು ಆಸರೆಗಾಗಿ, ಪಕ್ಕದಲ್ಲಿ ಉಣ್ಣುತ್ತಿದ್ದ ಮಗಳ ಕಡೆ ನೋಡಿದೆ. ಅವಳು ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

"ನಾನೂ ಒತ್ತೋಕೆ ಹೋಗಿದ್ದೆ ಅಪ್ಪಾ. ಹದಿನೆಂಟು ಆಗಿಲ್ಲ ಅಂತ ನಿನ್ನ ವೆಬ್‌ಸೈಟು ಬಿಡ್ಲಿಲ್ಲ. ಇಲ್ದಿದ್ರೆ ನಮ್ಮನೇಲಿ ಬಹುಮತ ಬಂದುಬಿಡ್ತಿತ್ತು!"