ಬೂಟುಗಾಲಾಗ ಮನಿ ಹೊಕ್ಕ ಗೊಂಬಿ

ಇನ್ನೂ ಕಟ್ಟದ ಮನಿಯೊಳಗ ಕಂಪ್ಯೂಟರ್ ಪರದೆ ಮ್ಯಾಲೆ ಮಂದೀನ ಅಡ್ಡಾಡಸೋ ಕೆಲಸ ನಂದು. ಒಂದು ಕಾಲಕ್ಕ ಅದರಾಗ ನಗಿಗೆ ಬರಗಾಲ ಇರಲಿಲ್ಲ. ಈಗಿನವ್ರು ಫೋನಿನ್ಯಾಗ ನೋಡಿ ‘ಓಕೆ’ ಅಂದುಬಿಡ್ತಾರ; ಮೊದಲಿನಂಗ ಯಾರೂ ಪರದೆ ಮುಂದ ಚಪ್ಪಲಿ ಬಿಡೂದಿಲ್ಲ.

ಆಗ ತೆಲಂಗಾಣ ಹೊಸ ರಾಜ್ಯ. ಹೊಸ ಮನಿ ಕಟ್ಟೋರು ಸಾಲು ಹಚ್ಚತಾರಂತ ನಾರಾಯಣಪೇಟ್ಯಾಗ ಪ್ಲ್ಯಾನ್ ಹಾಕೋ ಅಂಗಡಿ ತೆರೆದೆ. ಹೆಣ್ಣು ಕೊಟ್ಟ ಮಾವ ಖಡಕ್ ಹೇಳಿದ್ರು: “ಅಳಿಯಂದ್ರ, ದೀಪಾವಳಿ ಒಳಗ ಒಬ್ಬರರೆ ನೀವು ಹಾಕಿದ ಪ್ಲ್ಯಾನ್ ಒಪ್ಪಬೇಕು. ಇಲ್ಲಂದ್ರ ನನ್ನ ಕಿರಾಣಿ ಅಂಗಡ್ಯಾಗ ಬೆಲ್ಲ ತೂಗಾಕ ಬರ್ರಿ.”

೧. ಬಲಗಾಲು

ಮೊದ್ಲು ಬಂದವ್ರು ಮಕ್ತಲದ ಸಾವಕಾರ್ರು, ಹೆಂಡತಿ ಸಮೇತ. ಪರದೆ ಮ್ಯಾಲೆ ಅವರ ಮನಿ ಬಾಗಿಲು ಕಂಡಕೂಡಲೇ ಇಬ್ಬರೂ ಚಪ್ಪಲಿ ಹೊರಗ ಬಿಟ್ಟು ಬಂದ್ರು. ನಾ ಮೌಸ್ ಒತ್ತಿ ಹೊಸ್ತಿಲು ದಾಟಿದೆ.

“ನಿಲ್ರೀ! ಯಾವ ಕಾಲು ಮುಂದಿಟ್ರಿ?” ಅಂದ್ರು ಅಮ್ಮಾರು.

“ಇದಕ್ಕ ಕಾಲಿಲ್ರಿ ಅಮ್ಮಾರ, ಬರೇ ನೋಟ ಹೊಕ್ಕೈತಿ.”

“ಕಾಲಿಲ್ಲದ್ದು ಮನಿತುಂಬ ಅಡ್ಡಾಡತೈತಿ ಅಂದ್ರ ಅದು ದೆವ್ವ! ಏಳ್ರೀ,” ಅಂತ ಗಂಡನ್ನ ಎಬ್ಬಿಸಿಕೊಂಡು ಹೋದ್ರು.

೨. ಗ್ವಾಡಿ

ಆಮ್ಯಾಲೆ ಗದ್ವಾಲ ಕಡಿಂದ ಧರೂರಿನ ರೈತರೊಬ್ಬರು ಬಂದ್ರು. ಗ್ವಾಡಿ ಬಂದಾಗ ತಡಿಯೋ ಸೆಟ್ಟಿಂಗ್ ಒಂದಿರತೈತಿ. ಅವಸರದಾಗ ಅದನ್ನ ಹಾಕಾಕ ಮರೆತಿದ್ದೆ. ಪಡಸಾಲಿಯಿಂದ ಗ್ವಾಡಿ ತೂರಿ ಸೀದಾ ಬಚ್ಚಲಕ್ಕ ಹೊಕ್ಕೆ.

ಅವ್ರು ಎದ್ದು ನಿಂತು ಅಂದ್ರು: “ಸೊಸಿ ಬರೋ ಮನೀರಿ ಇದು. ಬಚ್ಚಲಕ್ಕರೆ ಗಟ್ಟಿ ಗ್ವಾಡಿ ಹಾಕೋರ್ನ ನೋಡ್ತೀನಿ.”

೩. ಕುಣಿ

ದೀಪಾವಳಿಗೆ ಎರಡ ದಿನ ಇತ್ತು. ಬುದ್ಧಿ ಬಂದು, ಈ ಸಲ ಪರದೆಯೊಳಗ ಕಾಲಿರೋ ಗೊಂಬಿನ ಬಿಟ್ಟೆ. ಗ್ವಾಡಿ ಬಂದ್ರ ನಿಲ್ಲಬೇಕು, ತೆಗ್ಗು ಬಂದ್ರ ಬೀಳಬೇಕು, ಖರೇ ಮನಷ್ಯಾನಂಗ.

ಬಂದವ್ರು ನಮ್ಮ ಓಣಿಯ ನೇಕಾರ ಅಜ್ಜ, ಅಜ್ಜಿ. ಮಗ್ಗದ ಕುಣಿ, ಅಂದ್ರ ಕಾಲು ಇಳಿಬಿಟ್ಟು ಕುಂತು ಸೀರಿ ನೇಯೋ ತೆಗ್ಗು, ಹಳೇ ಮನ್ಯಾಗ ಆಳ ಸಾಲದ್ದಕ್ಕ ಅಜ್ಜನ ಮಣಕಾಲು ಹೋಗಿದ್ವು. ಹೊಸ ಮನ್ಯಾಗ ಕುಣಿ ಸರಿ ಇರಬೇಕು, ಉಳಿದದ್ದು ಹೆಂಗರೆ ಇರ್ಲಿ ಅಂದಿದ್ರು. ಮಾವನೂ ಮೂಲ್ಯಾಗ ಬಂದು ಕುಂತಿದ್ರು.

ಗೊಂಬಿಗೆ ತಲಿಮ್ಯಾಲೆ ಹೆಲ್ಮೆಟ್, ಕಾಲಾಗ ಬೂಟು. ಸಾಫ್ಟ್‌ವೇರದಾಗ ಅದು ಹಂಗೇ ಬರ್ತಿತ್ತು. ಅದು ಠೀವಿಲೆ ಹೋಗಿ ದೇವರ ಮನಿ ಹೊಕ್ತು.

“ಯಾರಿವಾ, ಬೂಟುಗಾಲಾಗ! ಹೊರಗ ಹಾಕ್ರೀ ಅವನ್ನ!” ಅಜ್ಜಿ ಕೋಲು ಎತ್ತಿದ್ರು.

ಗಾಬರ್ಯಾಗಿ ಮೌಸ್ ಹಿಂದಕ್ಕ ಜಗ್ಗಿದೆ. ಗೊಂಬಿ ಹಿಂದಹಿಂದಕ್ಕ ನಡೆದು ಮಗ್ಗದ ಕುಣ್ಯಾಗ ಧೊಪ್ ಅಂತ ಬಿತ್ತು. ಎಷ್ಟು ಒತ್ತಿದ್ರೂ ಮ್ಯಾಲೆ ಏಳವಲ್ದು. ಮೂಲ್ಯಾಗ ಮಾವ ಗಂಟಲು ಸರಿಮಾಡ್ಕೊಂಡ್ರು. ನನಗ ಬೆಲ್ಲದ ವಾಸನಿ ಬಂದಂಗಾತು.

ಅಜ್ಜ ಎದ್ದು ಪರದೆ ಹತ್ರ ಹೋದ್ರು. ಗೊಂಬಿ ಎಲ್ಲಿ ಮಟ ಇಳದೈತಿ ನೋಡಿ, ತಮ್ಮ ತೊಡಿಗೆ ಕೈ ಹಚ್ಚಿ ಅಳತಿ ತಗೊಂಡ್ರು.

“ಕುಣಿ ಬರೋಬ್ಬರಿ ಐತಿ. ಹಿಂಗೇ ಕಟ್ರಿ,” ಅಂದು, ಗೊಂಬಿ ಕಡೆ ತಿರುಗಿದ್ರು: “ತಮ್ಮಾ, ಹೆಂಗೂ ಇಳದೀಯಪಾ. ಬೂಟು ಬಿಚ್ಚು, ನಾಕು ಮೊಳ ನೇಯ್ದು ಏಳು.”